ಅವ್ವನ ಹೆಸರಿನಲ್ಲಿಟ್ಟ ಅಕ್ಕನ ರೊಕ್ಕ

ಅಕ್ಕನ ರೊಕ್ಕವನ್ನು ನಾವು ಅಣ್ಣ ತಮ್ಮ ಸೇರಿ ತಿಂದೆವು. ಇದನ್ನು ಚಂದದ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಬಂದರೂ ಹೇಳುವ ಮನಸ್ಸಿಲ್ಲ. ನೆಂಟರು ‘ಪಾಲು ಮಾಡಿಕೊಂಡರು’ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತದೆ.

ನಾನು ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸುವವನು. ಮಗ್ಗ ಮಾಲೀಕನದು, ಕೂಲಿ ನನ್ನದು. ಐದನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅಣ್ಣನಿಗೆ ಕೊಲ್ಲಾಪುರದಲ್ಲಿ ಕಿರಾಣಿ ಅಂಗಡಿಯಿದೆ. ಅವ್ವ ಅವನ ಹತ್ತಿರ ಇದ್ದಳು. ಅಕ್ಕ ಗಡಹಿಂಗ್ಲಜದಲ್ಲಿ. ಗಂಡನನ್ನು ಬಿಟ್ಟು ಬಂದ ಮೇಲೆ ಅವಳು ನಮ್ಮಿಬ್ಬರ ಮನೆಗೂ ಬರಲಿಲ್ಲ. ಡಂಕದಲ್ಲಿ ಖಾರ ಕುಟ್ಟುವ ಕೆಲಸ ಹಿಡಿದಳು. ಡಂಕವೆಂದರೆ ಮೆಣಸಿನಕಾಯಿ ಕುಟ್ಟುವ ಯಂತ್ರ. ಬೇಸಿಗೆಯಲ್ಲಿ ಹೆಂಗಸರು ಒಣಮೆಣಸಿನಕಾಯಿ, ಕೊಬ್ಬರಿ, ಬೆಳ್ಳುಳ್ಳಿ ಹೊತ್ತು ತಂದು ಅದರ ಮುಂದೆ ಸಾಲು ಹಚ್ಚುತ್ತಾರೆ, ವರ್ಷದ ಖಾರ ಮಾಡಿಸಿಕೊಂಡು ಹೋಗುತ್ತಾರೆ. ಬಾಯಿಗೆ ಸೆರಗು ಕಟ್ಟಿಕೊಂಡು ಅಕ್ಕ ಇಡೀ ದಿನ ಆ ಘಾಟಿನಲ್ಲಿ ಕೂರುತ್ತಿದ್ದಳು. ಡಂಕದ ಮಾಲೀಕ ಮುದುಕನಾಗಿದ್ದ, ಮಾರುವ ಮಾತಾಡುತ್ತಿದ್ದ. ಅದನ್ನು ತಾನೇ ಕೊಳ್ಳಬೇಕೆಂಬುದೊಂದೇ ಅಕ್ಕನ ಆಸೆ. ಅದಕ್ಕಾಗಿಯೇ ಕೂಡಿಸಿದ್ದಳು. ಪೂರಾ ಆಗಲು ಇನ್ನೂ ಸ್ವಲ್ಪ ಬೇಕಿತ್ತು. ಅಲ್ಲಿಯವರೆಗೆ ಈ ರೊಕ್ಕ ಎಲ್ಲಿ ಇಟ್ಟರೆ ಹೆಚ್ಚು ಬೆಳೆಯುತ್ತದೆ, ನೋಡು ಎಂದು ನನಗೆ ಹೇಳಿದಳು.

ನನಗೆ ಎಲ್ಲಿಲ್ಲದ ಠೀವಿ ಬಂತು. ಮಗ್ಗಕ್ಕೆ ರಜೆಯಿದ್ದಾಗಲೆಲ್ಲ ಎಸ್ಟಿ ಬಸ್ಸು ಹತ್ತಿ ಬ್ಯಾಂಕುಗಳ ಬೋರ್ಡು ಓದುತ್ತ ತಿರುಗಿದೆ. ಇಚಲಕರಂಜಿಯ ಬ್ಯಾಂಕಿನಲ್ಲಿ ಬಡ್ಡಿ ಕಮ್ಮಿ, ಮೇಲೆ ತೆರಿಗೆ ಕತ್ತರಿಸುತ್ತಾರೆ ಎಂದು ಯಾರೋ ಹೇಳಿದರು. ಗಡಹಿಂಗ್ಲಜದ ಒಂದು ಪತಸಂಸ್ಥೆಯ, ಅಂದರೆ ಠೇವಣಿ ಇಟ್ಟುಕೊಂಡು ಸಾಲ ಕೊಡುವ ಸಹಕಾರಿ ಸಂಘದ, ಏಜೆಂಟ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿದ.

“ನಮ್ಮಲ್ಲೇ ಇಡ್ರಿ ಪಾವಣ್ಯಾ. ಬಡ್ಡಿನೂ ಭಾಳ, ಟ್ಯಾಕ್ಸೂ ಕಟ್ ಆಗೂದಿಲ್ಲ.”

“ಸಂಸ್ಥೇನ ಮುಳುಗಿತಂದ್ರ?”

“ಹಂಗಂತ ಎಲ್ಲಾರೂ ಕೇಳತಾರ, ಆಮ್ಯಾಲ ಎಲ್ಲಾರೂ ಇಡತಾರ್ರಿ,” ಎಂದು ನಕ್ಕ.

ನಾನು ಇಡಲಿಲ್ಲ. ಅವನ ಚಹಾ ಕುಡಿದು ಎದ್ದು ಬಂದೆ. ಎಂಥ ಜಾಣ ನಾನು ಎಂದು ಬಸ್ಸಿನುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೊಲ್ಲಾಪುರದ ಬ್ಯಾಂಕೊಂದರ ಬೋರ್ಡಿನಲ್ಲಿ ಹಿರಿಯ ನಾಗರಿಕರಿಗೆ ಅರ್ಧ ಟಕ್ಕೆ, ಅಂದರೆ ನೂರಕ್ಕೆ ಅರ್ಧ ರೂಪಾಯಿ, ಬಡ್ಡಿ ಹೆಚ್ಚು ಎಂದು ಬರೆದಿತ್ತು. ವಯಸ್ಸಾದವರ ಹೆಸರಿನಲ್ಲಿದ್ದರೆ ತೆರಿಗೆಯ ಕಾಟವೂ ಇಲ್ಲವೆಂದು ಕೇಳಿದೆ. ನಮಗೆ ಅವ್ವ ಇದ್ದಳಲ್ಲ! ಆ ಕ್ಷಣದಲ್ಲಿ ಅವ್ವ ನನಗೆ ತಾಯಿಯಾಗಿ ಕಾಣಲಿಲ್ಲ, ಅರ್ಧ ಟಕ್ಕೆಯಾಗಿ ಕಂಡಳು.

ಅವ್ವನ ಜೊತೆ ಬ್ಯಾಂಕಿಗೆ ಅಕ್ಕನೂ ಬಂದಿದ್ದಳು. ಫಾರ್ಮ್ ತುಂಬಿದವನು ನಾನು.

“ಅವ್ವನ ಹೆಸರೀಲೆ ಯಾಕೋ ತಮ್ಮಾ?” ಎಂದಳು.

“ಬಡ್ಡಿ ಜಾಸ್ತಿ ಬರತೈತಿ ಅಕ್ಕಾ. ನಿಂಗ ತಿಳಿಯೂದಿಲ್ಲ, ಸುಮ್ಕಿರು.”

“ನಾಳೆ ಅವ್ವಗ ಏನರ ಆತಂದ್ರ? ವಾರಸಾ ಅಂತ ನನ್ನ ಹೆಸರರ ಬರಿ.”

“ಹೆಣ್ಣಮಕ್ಕಳ ಹೆಸರು ಯಾರ ಬರೀತಾರ? ಬ್ಯಾಂಕಿಗೆ ಓಡ್ಯಾಡಾಂವ ನಾನು. ನಂದ ಬರೀತೇನಿ. ರೊಕ್ಕ ನಿಂದ ಐತೆಲ್ಲ, ಯಾಕ ಅಂಜತಿ?”

ಅವ್ವ ಹೆಬ್ಬೆಟ್ಟು ಒತ್ತಿದಳು. ನಾಮಿನಿ ಎಂದಿರುವಲ್ಲಿ ನನ್ನ ಹೆಸರನ್ನು ಬಲು ಅಂದವಾಗಿ ಬರೆದೆ. ನಮ್ಮ ಮನೆಯ ಗಂಡಸರಿಗೆ ಅಂದವಾಗಿ ಬರೆಯಲು ಬರುವುದು ಆ ಒಂದೇ ಜಾಗದಲ್ಲಿ.

ಆಮೇಲೆ ಅವ್ವ ಹೋದಳು. ಅವಳ ದಿನ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮೇಲೆ ಅಣ್ಣ ನನ್ನನ್ನು ಅಂಗಡಿಯ ಹಿಂದಿನ ಗೋದಾಮಿಗೆ ಕರೆದ. ಸಕ್ಕರೆ ಚೀಲದ ಮೇಲೆ ಕೂತು ಮಾತು ತೆಗೆದ.

“ಅವ್ವನ ಠೇವ ಐತೆಲ್ಲ ಬ್ಯಾಂಕಿನ್ಯಾಗ, ಮೂರು ಪಾಲ ಮಾಡೂನು.”

“ಅದು ಅಕ್ಕಂದ ಅಣ್ಣಾ.”

“ಕಾಗದದ ಮ್ಯಾಲೆ ಯಾರ ಹೆಸರೈತಿ? ಅವ್ವಂದು. ಅವ್ವನ ಔಷಧಪಾಣಿ ಯಾರ ಮಾಡ್ಯಾರ? ನಾನು. ಅಕ್ಕಗೂ ಒಂದು ಪಾಲ ಕೊಡೂನಲ್ಲ, ಏನ ಕಸಗೊಳ್ಳಾಕತ್ತೇವೇನು? ಹೊಲದಾಗಂತೂ ಆಕಿ ಹಕ್ಕಸೋಡ ಬರದು ಕೊಟ್ಟಾಳ. ಇದರಾಗ ಪಾಲ ಸಿಗೂದ ದೊಡ್ಡದು ಆಕಿಗೆ.”

ಹಕ್ಕಸೋಡ ಎಂದರೆ ಹುಟ್ಟಿದ ಮನೆಯ ಆಸ್ತಿಯಲ್ಲಿ ನನಗೇನೂ ಬೇಡವೆಂದು ಹೆಣ್ಣುಮಗಳು ಬರೆದುಕೊಡುವ ಪತ್ರ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಬರೆಸುತ್ತಾರೆ. ಸಹಿ ಮಾಡಿದವಳಿಗೆ ಸೀರೆ ಉಡಿಸಿ, ಉಡಿ ತುಂಬಿ, ಹೋಳಿಗೆ ಊಟ ಹಾಕಿ ಕಳಿಸುತ್ತಾರೆ. ಸಹಿ ಮಾಡದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಅಕ್ಕನೂ ಮಾಡಿದ್ದಳು. ಆಗಲೂ ನಾನು ಹೋಳಿಗೆ ಉಂಡಿದ್ದೆ.

ಆ ಗೋದಾಮಿನಲ್ಲಿ ನಾನು ಅಣ್ಣನ ಕೊರಳಪಟ್ಟಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಅಣ್ಣನಿಗೆ ಅಂಜಿದೆ ಎಂದು ಹೆಂಡತಿಗೆ ಹೇಳಿದೆ, ಅದು ಸುಳ್ಳು. ಒಂದು ಪಾಲು ಎಂದರೆ ಎಷ್ಟಾಗುತ್ತದೆ ಎಂದು ನನ್ನ ತಲೆ ಆಗಲೇ ಲೆಕ್ಕ ಹಾಕಿಬಿಟ್ಟಿತ್ತು. ನಿಂತಲ್ಲೇ ಒಂದು ಮೋಟರ್ ಸೈಕಲ್ಲು ಕಣ್ಣ ಮುಂದೆ ಬಂದಿತ್ತು.

ಬ್ಯಾಂಕಿನವರು ನಾಮಿನಿಯಾದ ನನಗೆ ಪೂರ್ತಿ ರೊಕ್ಕ ಕೊಟ್ಟರು. ಮರಣದ ದಾಖಲೆ ನೋಡುತ್ತ ಕೌಂಟರಿನ ಹೆಣ್ಣುಮಗಳು, ಇಷ್ಟು ದುಡಿದದ್ದು ಯಾರು ಎಂದು ಸುಮ್ಮನೆ ಮಾತಿಗೆ ಕೇಳಿದಳು. ಹೇಳಿದೆ. “ಮತ್ತ ಅವರ ಹೆಸರೀಲೆ ಇಡಬೇಕಿತ್ರಿ. ಅಷ್ಟ ಕಮ್ಮಿ ಗಳಿಕಿ ಇದ್ದವರು ಒಂದು ಫಾರ್ಮ್ ಬರದು ಕೊಟ್ರ ಟ್ಯಾಕ್ಸ್ ಕಟ್ ಮಾಡೂದಿಲ್ಲ,” ಅಂದಳು. ನಾನು ತೆರಿಗೆ ಉಳಿಸಿದೆನೆಂದು ಮೆರೆದದ್ದೆಲ್ಲ ಬರೀ ಗಾಳಿ. ಉಳಿದದ್ದು ಆ ಅರ್ಧ ಟಕ್ಕೆ. ಆ ಅರ್ಧಕ್ಕಾಗಿ ಅಕ್ಕನ ಮೂರರಲ್ಲಿ ಎರಡು ಪಾಲು ಕಳೆದಿದ್ದೆ. ಆಗಲಾದರೂ ಬುದ್ಧಿ ಬರಬೇಕಿತ್ತು. ಬ್ಯಾಂಕಿನಿಂದ ನೆಟ್ಟಗೆ ಅಣ್ಣನ ಅಂಗಡಿಗೆ ಹೋಗಿ ಅವನ ಪಾಲು ಎಣಿಸಿಕೊಟ್ಟೆ.

ಅಕ್ಕನ ಪಾಲು ತೆಗೆದುಕೊಂಡು ಗಡಹಿಂಗ್ಲಜಕ್ಕೆ ಹೋದೆ. ಹೊಸ ಮೋಟರ್ ಸೈಕಲ್ಲಿನ ಮೇಲೆಯೇ ಹೋದೆ. ನನಗೆ ನಾಚಿಕೆ ಅಷ್ಟಿತ್ತು. ಡಂಕ ನಡೆದಿತ್ತು. ಅಕ್ಕನ ಕೈ ಮೊಣಕೈವರೆಗೆ ಕೆಂಪಾಗಿತ್ತು. ನಾನು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಎಲ್ಲ ಹೇಳಿದೆ.

“ನನ್ನ ರೊಕ್ಕದಾಗ ನನಗ ಪಾಲ ಕೊಡಾಕ ಬಂದೀಯೇನೋ?” ಎಂದಳು.

“ಅಣ್ಣ ಅಂದಾ...”

“ಅಣ್ಣನ ಮಾತ ಬಿಡು. ಹೊಲ ಅಪ್ಪಂದಿತ್ತು, ಬರದು ಕೊಟ್ನಿ. ಇದು ನಾ ಕುಟ್ಟಿದ್ದು. ಇದರಾಗ ನಿಮ್ಮಪ್ಪಂದೇನೈತಿ?”

ಸಾಲಿನಲ್ಲಿ ನಿಂತ ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು. ಒಬ್ಬ ಮುದುಕಿ, “ಗಾಡಿ ಛಲೋ ಐತಿ ನೋಡಬೇ ನಿನ್ನ ತಮ್ಮಂದು. ಒಂದು ಗಾಲಿ ನೀ ತಗೋ,” ಅಂದಳು. ಎಲ್ಲರೂ ನಕ್ಕರು. ಅಕ್ಕ ನಗದೆ ನನ್ನ ಕೈಯಿಂದ ರೊಕ್ಕ ತೆಗೆದುಕೊಂಡಳು.

ಆ ನಗು ನನ್ನನ್ನು ಸುಟ್ಟಿತು. ಮರುದಿನವೇ ಅಣ್ಣನ ಮುಂದೆ ಹೋಗಿ ಕೂಗಾಡಿದೆ. ಗಿರಾಕಿಗಳ ಎದುರೇ ಕಳ್ಳ ಎಂದೆ. ಅವನು ಒಬ್ಬರಿಗೆ ಬೇಳೆ ತೂಗುತ್ತಿದ್ದ, ತೂಗಿ ಮುಗಿಸಿ ಹೇಳಿದ: “ನಾಮಿನಿ ನೀನು. ರೊಕ್ಕ ತಗಸಿದಾಂವ ನೀನು. ನನ್ನ ಕೈಯಾಗ ತಂದು ಕೊಟ್ಟಾಂವ ನೀನು. ಕಳ್ಳ ಯಾರಂತ ನೀನ ಹೇಳು.” ಅವನ ಮೇಲಿನ ಸಿಟ್ಟು ಇನ್ನೂ ಆರಿಲ್ಲ.

ಮೋಟರ್ ಸೈಕಲ್ಲು ಮಾರಿದೆ. ಕೊಂಡದ್ದಕ್ಕಿಂತ ಬಹಳ ಕಡಿಮೆಗೆ ಹೋಯಿತು. ಅಷ್ಟು ಹೊತ್ತಿಗೆ ಮುದುಕ ಡಂಕವನ್ನು ಉತ್ತೂರಿನ ಒಬ್ಬನಿಗೆ ಕೊಟ್ಟುಬಿಟ್ಟಿದ್ದ. ಅಕ್ಕ ಈಗ ಆ ಹೊಸ ಮಾಲೀಕನ ಕೂಲಿ. ನನ್ನ ಪಾಲು, ಅಣ್ಣನ ಪಾಲು ಎರಡನ್ನೂ ನಾನೇ ತೀರಿಸುತ್ತಿದ್ದೇನೆ, ಪಗಾರದಲ್ಲಿ ಉಳಿಸಿ ತಿಂಗಳು ತಿಂಗಳು ಒಯ್ದು ಕೊಡುತ್ತೇನೆ. ಅಕ್ಕ ನನ್ನೆದುರೇ ಎಣಿಸಿಕೊಂಡು ಸೆರಗಿನಲ್ಲಿ ಗಂಟು ಹಾಕುತ್ತಾಳೆ. ಕ್ಷಮಿಸಿದೆ ಅನ್ನುವುದಿಲ್ಲ. ನಾನೂ ಕೇಳುವುದಿಲ್ಲ.

ಹೋದ ತಿಂಗಳು ಮಾತ್ರ ತಡೆಯಲಾಗಲಿಲ್ಲ. “ಎಲ್ಲಿ ಇಟ್ಟಿ ಅಕ್ಕಾ ಇದನ್ನ?” ಎಂದುಬಿಟ್ಟೆ.

“ನೀ ಕೊಡೂದು ಕೊಡು,” ಎಂದಳು. “ಎಲ್ಲಿ ಇಡತೇನಿ, ಯಾರ ಹೆಸರ ಬರಸೇನಿ, ಅದನ್ನೆಲ್ಲ ಕೇಳಬ್ಯಾಡ.”

ಸೆರಗನ್ನು ಮತ್ತೆ ಬಾಯಿಗೆ ಕಟ್ಟಿಕೊಂಡು, ಮುಂದಿನ ಹೆಂಗಸಿನ ಮೆಣಸಿನಕಾಯಿ ಚೀಲ ಬಿಚ್ಚಿದಳು.