ಹೇಳಬೇಡ ಎಂದದ್ದೆಲ್ಲ

ಕೇಳಿದ್ದನ್ನು ಬರೆದುಕೊಡುವ, ಫೋನಿನೊಳಗಿನ ಎ.ಐ. ಯಂತ್ರವನ್ನು ಏಕವಚನದಲ್ಲಿ ಮಾತನಾಡಿಸಬೇಕೋ ಬಹುವಚನದಲ್ಲೋ ಎಂಬ ಜಿಜ್ಞಾಸೆಯಲ್ಲಿಯೇ ನನ್ನ ಮೊದಲ ಪಾಠದ ಅರ್ಧ ಗಂಟೆ ಕಳೆದುಹೋಯಿತು. ಮೂವತ್ತೈದು ವರ್ಷ ಕನ್ನಡ ಕಲಿಸಿದವಳಿಗೆ ವಚನಭೇದ ಸಣ್ಣ ಸಂಗತಿಯಲ್ಲ. ಕೊನೆಗೆ, ನಿನ್ನೆ ಮೊನ್ನೆ ಹುಟ್ಟಿದ್ದಕ್ಕೆ ಅರವತ್ತೊಂದರ ನಾನು ಬಹುವಚನ ಕೊಡುವುದೇಕೆಂದು ‘ನೀನು’ ಎಂದೇ ಶುರುಮಾಡಿದೆ. ಅದು ‘ನೀವು’ ಎಂದು ಉತ್ತರಿಸಿ ನನ್ನನ್ನು ನಾಚಿಸಿತು.

ಸಿರ್ಸಿಯಲ್ಲಿ ನಿವೃತ್ತರಿಗೆಂದು ನಡೆದ ನಾಲ್ಕು ದಿನಗಳ ಈ ತರಬೇತಿಗೆ ಇಸಳೂರಿನಿಂದ ಬಸ್ಸು ಹತ್ತಿ ಹೋದದ್ದು ಜ್ಞಾನದಾಹದಿಂದ ಎಂದು ನೀವು ಭಾವಿಸಿದರೆ ಅದು ನಿಮ್ಮ ಔದಾರ್ಯ. ಅಲ್ಲಿ ಹತ್ತು ಜನ ಇರುತ್ತಾರೆ, ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆ ಎಂಬುದಷ್ಟೇ ನನ್ನ ಆಸೆ. ಯಂತ್ರಕ್ಕೆ ಕೊಡುವ ಸೂಚನೆಗೆ ‘ಪ್ರಾಂಪ್ಟ್’ ಎನ್ನುತ್ತಾರೆಂದು ತಿಳಿದು ಹಿಗ್ಗಿದೆ. ಶಾಲೆಯ ನಾಟಕಗಳಲ್ಲಿ ಪರದೆಯ ಹಿಂದೆ ನಿಂತು ಪ್ರಾಂಪ್ಟ್ ಮಾಡಿದವಳು ನಾನೇ ತಾನೆ! ಆದರೆ ಈ ನಟನಿಗೆ ನಾಟಕವೇ ಗೊತ್ತಿರಲಿಲ್ಲ.

“ಅದಕ್ಕೆ ನಿಮ್ಮ ವಿಷಯ ಏನೂ ಗೊತ್ತಿಲ್ಲ ಟೀಚರ್,” ಎಂದರು ಕಲಿಸಲು ಬಂದಿದ್ದ ನಾಗವೇಣಿ. “ನೀವು ಯಾರು, ಯಾರಿಗೆ ಬರೀತೀರಿ, ಏನು ಹೇಳಬೇಕು, ಏನು ಹೇಳಬಾರದು, ಎಲ್ಲ ಬಿಡಿಸಿ ಹೇಳಿ.”

ಪರಿಚಿತರಿಗೊಂದು ಪತ್ರ ಬರೆಸುವುದು ಎರಡನೆಯ ದಿನದ ಮನೆಪಾಠ. ನನಗೆ ಹೊಳೆದದ್ದು ಸಾವಿತ್ರಿಯ ಹೆಸರೊಂದೇ. ಯಲ್ಲಾಪುರದ ಶಾಲೆಯಲ್ಲಿ ಜೊತೆಗೆ ಕಲಿಸುತ್ತಿದ್ದವಳು. ಹನ್ನೊಂದು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ನಲವತ್ತಾರನೆಯ ವಯಸ್ಸಿನಲ್ಲಿ ಅವಳು ಸಿದ್ದಾಪುರದವರೊಬ್ಬರನ್ನು ಮದುವೆಯಾದಾಗ ಕೆಲಸದ ನೆಪ ಹೇಳಿ ನಾನು ಹೋಗಲಿಲ್ಲ. ಅಲ್ಲಿಗೆ ಮಾತು ನಿಂತಿತು. ಅವಳ ನಂಬರ್ ಮಾತ್ರ ಫೋನಿನಲ್ಲಿ ಉಳಿದಿತ್ತು.

ಯಂತ್ರಕ್ಕೆ ಎಲ್ಲವನ್ನೂ ಬಿಡಿಸಿಯೇ ಹೇಳಿದೆ: “ಹಳೆಯ ಗೆಳತಿಗೆ ಗಂಭೀರವಾದ ಪತ್ರ ಬರೆದುಕೊಡು. ಪರೀಕ್ಷೆಯ ಕೆಲಸವಿತ್ತು, ಅದಕ್ಕೇ ಮದುವೆಗೆ ಬರಲಾಗಲಿಲ್ಲ ಎಂದಿರಲಿ. ಕೆಲಸವೇನೂ ಇರಲಿಲ್ಲ, ನನ್ನನ್ನು ಬಿಟ್ಟುಹೋಗುತ್ತಿದ್ದಾಳೆಂಬ ಸಿಟ್ಟಿತ್ತು ಎಂದು ಹೇಳಬೇಡ. ಆರಾಮವಾಗಿದ್ದೇನೆ ಎಂದು ಬರೆ. ಭಾನುವಾರ ಇಡೀ ಮಾತಿಲ್ಲದೆ, ಸೋಮವಾರ ಹಾಲು ತರಲು ಹೋದಾಗ ಗಂಟಲು ಕಟ್ಟಿರುತ್ತದೆ ಎಂಬುದು ಖಂಡಿತ ಬೇಡ.”

ತಹಶೀಲ್ದಾರರೂ ಮೆಚ್ಚುವಂಥ ಪತ್ರ ಬಂತು. ಮನೆಪಾಠವಷ್ಟೇ ಆಗಿದ್ದ ಅದನ್ನು ನಿಜಕ್ಕೂ ಕಳಿಸಿಬಿಡುವ ಧೈರ್ಯ ಎಲ್ಲಿಂದ ಬಂತೋ, ನಕಲು ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಬಳಿಕ ಇನ್ನೊಮ್ಮೆ ಓದಿಕೊಳ್ಳೋಣವೆಂದು ನೋಡಿದರೆ, ಹೋದದ್ದು ಪತ್ರವಲ್ಲ, ನನ್ನ ಸೂಚನೆ! ಕಳಿಸಿದ್ದನ್ನು ಅಳಿಸುವ ವಿದ್ಯೆ ನಾಲ್ಕನೆಯ ದಿನದ ಪಾಠದಲ್ಲಿತ್ತು. ನಾನು ಕಂಡಕಂಡದ್ದನ್ನು ಒತ್ತುತ್ತಿದ್ದಂತೆಯೇ ಸಂದೇಶದ ಕೆಳಗಿನ ಎರಡು ಗೀಟುಗಳು ನೀಲಿಯಾದವು; ಅವಳು ಓದಿಯಾಗಿತ್ತು.

ಮರುದಿನ ತರಬೇತಿಗೆ ಹೋಗಲಿಲ್ಲ. ಫೋನನ್ನು ಮಗುಚಿಟ್ಟು ಮನೆಯೊಳಗೆ ಅಡ್ಡಾಡಿದೆ. ಅದರ ಮರುದಿನ ಸಂಜೆ ವಾಟ್ಸಾಪಿನಲ್ಲಿ ಸಾವಿತ್ರಿಯ ಧ್ವನಿಸಂದೇಶ ಬಂತು, ನಮ್ಮ ಹವ್ಯಕ ಮಾತಿನಲ್ಲಿ.

“ಎಂತ ಬರದ್ಯೇ ನೀನು? ನಗವೋ ಅಳವೋ ಗೊತ್ತಾಜಿಲ್ಲೆ. ಪರೀಕ್ಷೆ ಕೆಲಸ ಇಲ್ಲೆ ಹೇಳಿ ಆವತ್ತೇ ಗೊತ್ತಿತ್ತು ಮಾರಾಯ್ತಿ, ಆ ವರ್ಷದ ಡ್ಯೂಟಿ ಪಟ್ಟಿ ಬರದವಳು ಆನೇ.” ಹೌದು, ಪಟ್ಟಿ ಬರೆಯುತ್ತಿದ್ದವಳು ಅವಳೇ. “ಇವರು ತೀರಿಹೋಗಿ ವರ್ಷ ಆತು. ನಿಂಗೆ ಹೇಳ್ಬೇಕು ಅಂತಿತ್ತು. ಹ್ಯಾಂಗೆ ಶುರು ಮಾಡವು ಹೇಳೇ ಗೊತ್ತಾಜಿಲ್ಲೆ.”

ಸಂತಾಪಕ್ಕೆ ನಾಲ್ಕು ಸಾಲು ಬರೆಸೋಣವೆಂದು ಯಂತ್ರವನ್ನು ತೆರೆದೆ. ನಾನು ಯಾರು, ಅವಳು ಯಾರು ಎಂದು ಬರೆಯುವಷ್ಟರಲ್ಲಿ ಕೈ ನಿಂತಿತು. ಒಂದು ವರ್ಷ ಅವಳು ಆ ಮನೆಯಲ್ಲಿ ಒಬ್ಬಳೇ ಇದ್ದಾಗ ನಾನು ಇಲ್ಲಿ, ಒಂದು ಬಸ್ಸಿನ ದೂರದಲ್ಲಿ, ನನ್ನ ಸಿಟ್ಟನ್ನು ಜೋಪಾನ ಮಾಡಿಕೊಂಡು ಕೂತಿದ್ದೆ. ಇದನ್ನು ಯಾವ ಧಾಟಿಯಲ್ಲಿ ಹೇಳೆನ್ನಲಿ? ನಾಳೆ ಬರುತ್ತೇನೆಂದಷ್ಟೇ ಅವಳಿಗೆ ತಿಳಿಸಿ, ಫೋನು ಮುಚ್ಚಿ, ಬೆಳಿಗ್ಗೆ ಸಿದ್ದಾಪುರದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ವಾಕ್ಯಗಳನ್ನು ಕಟ್ಟಿದೆ, ಒಡೆದೆ. ನಿಲ್ದಾಣದಲ್ಲಿ ಸಾವಿತ್ರಿ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಚೀಲ ಹಿಡಿದು ಇಳಿದೆ.

“ಚೀಲ ಕೊಡು,” ಎಂದಳು. ಇಸಿದುಕೊಂಡು ಮುಂದೆ ನಡೆದಳು.