ಮದ್ರಾಸಿನವರು ಕಡಿಮೆ ಮಾಡಿದ ಅಲೆ

ನಮ್ಮ ಸೋದರತ್ತೆ ರೇಡಿಯೋವನ್ನು ಕಣ್ಣಾರೆ ಕಂಡವರಲ್ಲ, ಗೋಡೆಯಾಚೆಯಿಂದ ಕೇಳಿದವರು.

ಹೊಸಪೇಟೆಯ ನಮ್ಮ ಮನೆಯ ಹಿತ್ತಲಿಗೆ ಹೊಂದಿಕೊಂಡೇ ಮುನಸಿಪಾಲಿಟಿಯ ಪಾರ್ಕು. ಅಲ್ಲೊಂದು ಕಟ್ಟೆಯ ಮೇಲೆ ಊರಿಗೆಲ್ಲ ಸೇರಿದ ರೇಡಿಯೋ, ಕಂಬದ ತುದಿಗೆ ಅದರ ಲೌಡ್‌ಸ್ಪೀಕರ್. ಸಂಜೆಯಾದರೆ ಗಂಡಸರು ಸುತ್ತ ಕೂತು ಕೇಳುವರು. ಹೆಂಗಸರು ಅಲ್ಲಿ ಹೋಗಿ ಕೂಡುವ ರೂಢಿ ಇರಲಿಲ್ಲ. ಗಂಡ ತೀರಿಕೊಂಡು ಕಂಪ್ಲಿಯಿಂದ ತವರಿಗೆ ಮರಳಿದ್ದ ಅತ್ತೆಯ ಮಾತಂತೂ ಔಟ್ ಆಫ್ ಕ್ವೆಶ್ಚನ್.

ಮದ್ರಾಸಿನಿಂದ ಬರುತ್ತಿದ್ದುದು ಹೆಚ್ಚಾಗಿ ತಮಿಳು, ತೆಲುಗು. ಗುರುವಾರ ಸಂಜೆ ಮಾತ್ರ ಅರ್ಧ ತಾಸು ಕನ್ನಡ. ಆ ಹೊತ್ತಿಗೆ ಅತ್ತೆ ದೀಪ ಹಚ್ಚಿ, ಹಣೆಗೆ ವಿಭೂತಿ ಧರಿಸಿ, ಹಿತ್ತಲ ಗೋಡೆಗೆ ಬೆನ್ನು ಕೊಟ್ಟು ಒಗೆಯುವ ಕಲ್ಲಿನ ಮೇಲೆ ಕೂರುವರು. ಆಗ ಯಾರೂ ಅವರನ್ನು ಮಾತಾಡಿಸುವಂತಿಲ್ಲ.

"ಏನು ಹೇಳ್ತಾರ್ರೀ ಅತ್ತಿ, ಅದರಾಗ?" ಎಂದು ನಾನೊಮ್ಮೆ ಕೇಳಿದೆ.

"ಏನರ ಹೇಳಲಿ ಬಿಡು. ಈ ಮನಿಯೋರಲ್ಲದೋರು ಒಬ್ಬರು ವಾರಕ್ಕೊಮ್ಮಿ ನನ್ನ ಕೂಡ ಮಾತಾಡ್ತಾರಲ್ಲ."

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಬೋರ್ಡರ್. ಯುದ್ಧದ ಕಾಲದಲ್ಲಿ ಒಮ್ಮೆ ಕ್ರಿಸ್‌ಮಸ್ ಹಾಲಿಡೇಸ್‌ಗೆ ಮನೆಗೆ ಬಂದಾಗ, ಗುರುವಾರದ ಕನ್ನಡ ನಿಂತೇ ಹೋಗಿತ್ತು. ಕಂಬದಿಂದ ಬರೀ ಸುಯ್ ಎನ್ನುವ ಸದ್ದು. ಅತ್ತೆ ಆದರೂ ಹೋಗಿ ಕೂತು, ಆ ಸುಯ್ ಎನ್ನುವುದನ್ನೇ ಸ್ವಲ್ಪ ಹೊತ್ತು ಕೇಳಿ ಎದ್ದು ಬರುತ್ತಿದ್ದರು.

ಮದ್ರಾಸ್ ಸ್ಟೇಷನ್ ತನ್ನ ವೇವ್‌ಲೆಂಗ್ತ್ ಬದಲಿಸಿತ್ತು, ಅಷ್ಟೇ. ಮನೆಯ ರೇಡಿಯೋ ಆಗಿದ್ದರೆ ಮುಳ್ಳು ತಿರುಗಿಸಿಕೊಂಡರೆ ಆಯಿತು. ಇದು ಸರ್ಕಾರ ಊರಿಗೆ ಕೊಟ್ಟದ್ದು. ಜನ ಬೇರೆ ದೇಶದ ಸುದ್ದಿ ಕೇಳಬಾರದೆಂದು ಮುಳ್ಳನ್ನು ಮದ್ರಾಸಿನ ಜಾಗದಲ್ಲೇ ನಿಲ್ಲಿಸಿ ಪೆಟ್ಟಿಗೆಗೆ ಬೀಗ ಹಾಕಿದ್ದರು. ಹಚ್ಚುವುದು, ಆರಿಸುವುದು, ಇಷ್ಟೇ ಪಾರ್ಕಿನ ಜವಾನನ ಕೈಯಲ್ಲಿ ಇದ್ದದ್ದು.

ಅಲೆಯ ಉದ್ದವನ್ನು ಕಡಿಮೆ ಮಾಡಲಾಗಿದೆ ಎಂದು ಪತ್ರಿಕೆಯ ಮೂಲೆಯಲ್ಲಿ ಎಲ್ಲೋ ಬಂದಿತ್ತಂತೆ. ಅಲೆಯ ಉದ್ದ ಎಂದರೇನೆಂದು ಊರಿನಲ್ಲಿ ಯಾರಿಗೆ ಗೊತ್ತು? 'ಕಡಿಮೆ' ಎಂಬುದು ಮಾತ್ರ ಎಲ್ಲರಿಗೂ ಗೊತ್ತಾಯಿತು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಕಡೆಯವರಿಗೆ ಅಲ್ಲಿ ಎಲ್ಲದರಲ್ಲೂ ಪಾಲು ಕಡಿಮೆ ಎಂಬ ಸಿಟ್ಟು ಮೊದಲೇ ಇತ್ತಲ್ಲ. ಸೋ, ತಮಿಳು ತೆಲುಗು ಕೂಡ ನಿಂತದ್ದನ್ನು ಲೆಕ್ಕಿಸದೆ, ಕನ್ನಡದ ಅರ್ಧ ತಾಸಿನ ಉದ್ದವನ್ನೇ ಕತ್ತರಿಸಿದ್ದಾರೆಂದು ಊರಿಗೆ ಊರೇ ತಿಳಿಯಿತು. ತಕರಾರು ಅರ್ಜಿ ಹೋಯಿತು. ಅದರ ಮುಂದಾಳು ಅಕ್ಕಿ ಗಿರಣಿಯ ಯಜಮಾನರಾದ ನಮ್ಮ ಅಪ್ಪ.

ಅರ್ಜಿ ನೋಡಿ ಮದ್ರಾಸಿನಿಂದ ಒಬ್ಬ ರೇಡಿಯೋ ಆಫೀಸರು ಬಂದರು. ಪಾಪ, ಸಾಧು ಮನುಷ್ಯ. ಕನ್ನಡ ಒಂದಕ್ಷರ ಬಾರದು. ನಮ್ಮ ಪಡಸಾಲೆಯಲ್ಲಿ ಜಮಖಾನ ಹಾಸಿ, ಎರಡು ಜಡೆಯ ನನ್ನನ್ನು ಇಂಟರ್‌ಪ್ರಿಟರ್ ಮಾಡಿ ಕೂರಿಸಿದರು.

"ಸಾಹೇಬ್ರನ್ನ ಕೇಳವ್ವಾ," ಎಂದರು ಅಪ್ಪ. "ನಮ್ಮ ಉದ್ದ ಯಾಕ ಕಡಿಮಿ ಮಾಡಿದ್ರಿ ಅಂತ."

ನಾನು ಹಾಗೆಯೇ ಇಂಗ್ಲಿಷಿಗೆ ತಂದೆ. ಆಫೀಸರು ಅಪ್ಪನನ್ನು ಕೆಳಗಿನಿಂದ ಮೇಲಕ್ಕೊಮ್ಮೆ ನೋಡಿದರು. ಅಪ್ಪ ಆರಡಿ ಆಳು.

"ಇದ್ದದ್ದ ಒಂದು ಮೊಳ, ಅದರಾಗೂ ಗೇಣು ಕಿತ್ಗೊಂಡಾರ್ರೀ," ಎಂದ ಗಿರಣಿಗೆ ಭತ್ತ ತಂದಿದ್ದ ಕಂಪ್ಲಿಯ ರೈತ.

ಸಂಡೂರಿನ ಒಬ್ಬ ವ್ಯಾಪಾರಿ ಎದ್ದುನಿಂತ. "ನಮ್ದು ರಾಜರ ಸಂಸ್ಥಾನ. ಮದ್ರಾಸಿಗೂ ನಮಗೂ ಸಂಬಂಧ ಇಲ್ಲ. ಆದ್ರ ತಕರಾರು ನಮ್ದೂ ಐತಿ."

"ಸಂಬಂಧ ಇಲ್ಲಾಂದ್ರ ಸುಮ್ಕ ಕುಂದ್ರೋ ಮಾರಾಯ," ಎಂದ ರೈತ.

"ಕಿವಿಗೆ ಯಾವ ಸಂಸ್ಥಾನಲೇ?"

ನಗು ಅಡಗಿದ ಮೇಲೆ ಆಫೀಸರು ವಿವರಿಸಿದರು, ನಾನು ಕನ್ನಡದಲ್ಲಿ ಹೇಳಿದೆ. ಅಲೆಯ ಉದ್ದವೆಂದರೆ ಹೊತ್ತಲ್ಲ, ಗಾಳಿಯಲ್ಲಿ ಬರುವ ಅಲೆಯ ಅಳತೆ. ಅದು ಬದಲಾದರೆ ಮುಳ್ಳಿನ ಜಾಗವೂ ಬದಲಾಗಬೇಕು. ಕನ್ನಡದ ಅರ್ಧ ತಾಸು ಅರ್ಧ ತಾಸೇ ಇದೆ.

"ಹಂಗಾರ ನಾವು ಅರ್ಜಿ ಬರದಿದ್ದು ಯಾತಕ್ಕ?" ಎಂದು ರೈತ ಮೆಲ್ಲಗೆ ಕೇಳಿದ.

"ಕನ್ನಡ ಬಂತೇನಲೇ? ಬರಲಿಲ್ಲ ಅಂದಮ್ಯಾಲ ಕಡಿಮಿನ," ಎಂದರು ಅಪ್ಪ.

ಅಂದು ಗುರುವಾರವೇ. ಸಂಜೆ ಆಫೀಸರು ಪೆಟ್ಟಿಗೆಯ ಬೀಗ ತೆಗೆದು ಮುಳ್ಳು ತಿರುಗಿಸಿದರು. ಕನ್ನಡವೇನೋ ಬಂತು. ಆದರೆ ಹುರಿಯುವ ಬಾಣಲೆಯೊಳಗಿನಿಂದ ಮಾತಾಡಿದ ಹಾಗೆ, ಚಟಪಟ ಚಟಪಟ. ಆಫೀಸರು ಒಂದು ಕಿವಿ ಓರೆ ಮಾಡಿ ನಿಂತರು. ಆಮೇಲೆ ರಸ್ತೆಯಾಚೆಯ ನಮ್ಮ ಗಿರಣಿಯ ಕಡೆ ಕೈ ತೋರಿಸಿದರು.

ಗಿರಣಿಗೆ ಆಗಷ್ಟೇ ಕರೆಂಟಿನ ಮೋಟರು ಬಂದಿತ್ತು. ಅದರ ಕಿಡಿಯ ಸದ್ದು ರೇಡಿಯೋದಲ್ಲಿ ಸೇರಿಕೊಳ್ಳುತ್ತದಂತೆ. ಮುಳ್ಳಿನ ಹಳೆಯ ಜಾಗದಲ್ಲಿ ಅಷ್ಟು ತಾಗುತ್ತಿರಲಿಲ್ಲ, ಹೊಸ ಜಾಗದಲ್ಲಿ ತಾಗುತ್ತದೆ. ಪಡಸಾಲೆಗೆ ಮರಳಿ ಕಾಫಿ ಕುಡಿಯುತ್ತ ಅವರು ಹೇಳಿದ್ದಿಷ್ಟು: ಒಂದೋ ಕನ್ನಡದ ಹೊತ್ತಿನಲ್ಲಿ ಮೋಟರು ನಿಲ್ಲಬೇಕು, ಇಲ್ಲವೇ ರೇಡಿಯೋವನ್ನು ಊರಿನ ಆ ತುದಿಗೆ, ರೈಲ್ವೆ ಸ್ಟೇಷನ್ನಿನ ಕಡೆಗೆ ಸಾಗಿಸಬೇಕು.

"ಸುಗ್ಗಿ ಕಾಲ. ಕಂಪ್ಲಿ ಗಾಡಿ ಸಾಲಾಗಿ ನಿಂತಾವ. ಗಿರಣಿ ಹೆಂಗ ನಿಂದ್ರಸೋದು?" ಎಂದರು ಅಪ್ಪ. "ರೇಡಿಯೋನ ಒಯ್ದು ಬಿಡ್ರಿ."

"ಆಗಲೇಳ್ರಿ, ನಡಕೊಂಡು ಹೋದ್ರಾತು," ಎಂದರು ಉಳಿದವರು. ನಡೆದು ಹೋಗಬಲ್ಲವರಿಗೆ ಅದೇನು ದೂರ?

ಒಳಬಾಗಿಲ ಹಿಂದೆ ಬಳೆಯಿಲ್ಲದ ಕೈಯೊಂದು ಚೌಕಟ್ಟು ಹಿಡಿದದ್ದು ನನಗೆ ಕಾಣುತ್ತಿತ್ತು. ಅಷ್ಟು ಜನ ಪರಗಂಡಸರು ಕೂತಿರುವಾಗ ಅತ್ತೆ ಎಂದೂ ಪಡಸಾಲೆಗೆ ಕಾಲಿಟ್ಟವರಲ್ಲ. ಅಂದು ಸೆರಗು ಹೊದ್ದು ಹೊಸ್ತಿಲು ದಾಟಿ ಬಂದು ನಿಂತರು. ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿಸಿತು.

"ಅಣ್ಣಾ, ಕನ್ನಡ ಕಡಿಮಿ ಮಾಡ್ಯಾರಂತ ಮದ್ರಾಸಿನೋರಿಗೆ ಅಷ್ಟು ಅಂದಿ. ವಾರಕ್ಕ ಅರ್ಧ ತಾಸು ನಿನ್ನ ಗಿರಣಿ ಕಡಿಮಿ ಮಾಡು."

ಆಫೀಸರು ನನ್ನ ಕಡೆ ತಿರುಗಿ, ವಾಟ್ ಡಸ್ ದ ಲೇಡಿ ಸೇ, ಎಂದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಾಫಿ ಲೋಟವನ್ನು ಕೆಳಗಿಟ್ಟರು.

"ಹೇಳು," ಎಂದರು. "ಆಕಿ ಅಂದಂಗ ಹೇಳು."

ಹೇಳಿದೆ. ಆಫೀಸರು ಎದ್ದುನಿಂತು ಅತ್ತೆಗೆ ಕೈ ಮುಗಿದರು. ರೇಡಿಯೋ ಸಾಗಿಸುವ ಮಾತು ಮತ್ತೆ ಬರಲಿಲ್ಲ.

ಮುಂದಿನ ಗುರುವಾರ ಅಪ್ಪ ತಾವೇ ರಸ್ತೆ ದಾಟಿ ಹೋಗಿ ಮೋಟರು ಆರಿಸಿದರು. ಗಿರಣಿಯ ಪಟ್ಟಿ ನಿಧಾನವಾಗಿ ನಿಂತಿತು. ಗಾಡಿಗಳ ಎತ್ತಿನ ಕೊರಳ ಗಂಟೆ ಅಷ್ಟು ಸ್ಪಷ್ಟವಾಗಿ ನನಗೆ ಕೇಳಿಸಿದ್ದು ಅದೇ ಮೊದಲು. ಅಂದು ಮದ್ರಾಸಿನಿಂದ ಬಂದದ್ದು ಶೇಂಗಾ ಬೆಳೆಗೆ ಬೀಳುವ ಹುಳುವಿನ ಮೇಲೊಂದು ಭಾಷಣ, ಭಾಳ ಡಲ್. ಪಾರ್ಕಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ಅತ್ತೆ ಕಲ್ಲಿನಿಂದ ಏಳಲಿಲ್ಲ. ಹುಳುವಿಗೆ ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು ಎಂಬುದನ್ನೆಲ್ಲ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.