ಇಳಿಜಾರು ಹುಡುಕುತ್ತಿದ್ದ ಲಾರಿ

ಹಳಿಯಾಳದ ನಮ್ಮ ಮನೆಯ ಮುಂದಿನ ಅಂಗಳ ಸಪಾಟು. ಅದೊಂದೇ ಕಾರಣಕ್ಕೆ ಅಪ್ಪನ ಕಟ್ಟಿಗೆ ಲಾರಿ ಅಲ್ಲಿ ನಿಲ್ಲುತ್ತಿರಲಿಲ್ಲ. ಸ್ವಲ್ಪ ದೂರದ ದಿನ್ನೆಯ ಮೇಲೆ ಮೂತಿ ಕೆಳಗೆ ಮಾಡಿಕೊಂಡು, ಗಾಲಿಗೆ ಕಲ್ಲು ಕೊಡಿಸಿಕೊಂಡು ನಿಲ್ಲುತ್ತಿತ್ತು. ಎಂಜಿನ್ ಚಾಲೂ ಮಾಡುವ ಮೋಟಾರಿಗೆ ಎಲ್ಲರೂ ಸೆಲ್ಫ್ ಅನ್ನುತ್ತಿದ್ದರು. ಕಾಲಿನಿಂದ ಒತ್ತಿದಾಗ ಅದು ಒಮ್ಮೆ ತಿರುಗಿದರೆ ನಾಲ್ಕು ಸಲ ಸುಮ್ಮನಿರುತ್ತಿತ್ತು. ಹೀಗಾಗಿ ಕಲ್ಲು ತೆಗೆದು, ಗಾಡಿ ಉರುಳಲು ಬಿಟ್ಟು ಚಾಲೂ ಮಾಡುವುದು. ಇಳಿಜಾರು ಸಿಗದಿದ್ದರೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವುವುದು.

ಜೋಯಿಡಾ ಕಡೆ ಹೋದರೆ ಚಹಾ ಎಲ್ಲಿ ಕುಡಿಯಬೇಕು, ಬುತ್ತಿ ಎಲ್ಲಿ ಬಿಚ್ಚಬೇಕು ಎಂಬುದನ್ನೂ ಇಳಿಜಾರೇ ಗೊತ್ತು ಮಾಡುತ್ತಿತ್ತು. ಒಳ್ಳೆಯ ನೆರಳಿದ್ದರೂ ನೆಲ ಸಪಾಟಿದ್ದರೆ ನಾವು ಮುಂದಕ್ಕೆ!

"ಸೆಲ್ಫ್ ಒಂದು ನೋಡ್ರಿ ಸಾವಕಾರ್ರ," ಎಂದು ಡ್ರೈವರ್ ಚಾಚಾ ಹೇಳಿದಾಗಲೆಲ್ಲ ಅಪ್ಪನದು ಒಂದೇ ಉತ್ತರ. "ಹ್ಯಾಂಡಲ್ ಐತೆಲ್ಲ!" ಅದಲ್ಲದೆ ಎರಡನೆಯ ಮಹಾಯುದ್ಧದ ಕಾಲ, ಮುಂಬಯಿಯಿಂದ ಹೊಸ ಸಾಮಾನು ಬರುವುದು ನಿಂತೇ ಹೋಗಿತ್ತು.

ನನಗಾಗ ಹದಿನಾರು. ಬೆಳಗಾವಿಯ ಕಾನ್ವೆಂಟಿನಿಂದ ಸಮ್ಮರ್ ಹಾಲಿಡೇಸ್‌ಗೆ ಮನೆಗೆ ಬಂದಿದ್ದೆ. ನಮ್ಮ ಸಿಸ್ಟರ್ ಕ್ಲಾಸಿನಲ್ಲಿ "ಅಬ್ಸರ್ವ್, ಗರ್ಲ್ಸ್, ಅಬ್ಸರ್ವ್" ಎಂದು ಬಡಿದುಕೊಳ್ಳುತ್ತಿದ್ದರು. ಆದರೆ ನಮ್ಮ ಮನೆಯಲ್ಲಿ ಮೊದಲು ಅಬ್ಸರ್ವ್ ಮಾಡಿದವಳು ಶಾಲೆಯ ಮೆಟ್ಟಿಲು ಹತ್ತದ ಅವ್ವ. ಚಾಚಾ ದಿನಾ ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಖಡಕ್ ರೊಟ್ಟಿ ಅಂದರೆ ಪ್ರಾಣ. ಆ ವಾರ ಮಾತ್ರ, "ಅಕ್ಕಾರ, ರೊಟ್ಟಿ ಮಜ್ಜಿಗ್ಯಾಗ ನೆನಸಿ ಕೊಡ್ರಿ, ಹಲ್ಲು ಬ್ಯಾನಿ" ಎಂದರು. ಮೂರನೆಯ ದಿನ ಅವ್ವ ನನ್ನ ಕಿವಿಯಲ್ಲಿ ಹೇಳಿದಳು: "ಹಲ್ಲಲ್ಲವ್ವ, ಕೈ. ರೊಟ್ಟಿ ಮುರಿಯಾಕ ಆಗವಲ್ದು. ಅಂಗಿ ತೋಳು ನೋಡು, ಹೆಂಗ ಎಳಕೊಂಡು ಮುಚ್ಚ್ಯಾರ."

ನಾನೇ ಹೋಗಿ ಕೇಳಿದೆ. ಹ್ಯಾಂಡಲ್ ಹಿಂದಕ್ಕೆ ತಿರುಗಿ ಒದ್ದು ಬಲಗೈ ಮಣಿಕಟ್ಟು ಬಾತು ಹೋಗಿತ್ತು. "ಅಪ್ಪಾಗ ಹೇಳಬ್ಯಾಡ ಬೇಟಿ. ಮುಂಡಗೋಡದಾಗ ಒಬ್ಬಾಂವಂದು ಹಿಂಗ ಕೈ ಮುರೀತು, ಎಂಟ ದಿನದಾಗ ಆ ಗಾಡಿ ಮ್ಯಾಲ ಬ್ಯಾರೆ ಡ್ರೈವರ್ ಕುಂತ." ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ.

ಅವ್ವನಿಗಷ್ಟೇ ಹೇಳಿದೆ. ಅಪ್ಪನಿಗೆ ನಾನು ಹೇಳಲಿಲ್ಲ. ಅವ್ವನೂ ಹೇಳಲಿಲ್ಲ. ಮರುದಿನ ನಸುಕಿನಲ್ಲಿ ಅಪ್ಪ, ಚಾಚಾ ಹೊರಡುವಾಗ ಅವ್ವ ನನ್ನನ್ನೂ ಕರೆದುಕೊಂಡು ದಿನ್ನೆಯವರೆಗೆ ಬಂದಳು.

"ಇವತ್ತ ಉರುಳಸೂದು ಬ್ಯಾಡ. ನೀವ ಹ್ಯಾಂಡಲ್ ಹೊಡೀರಿ."

"ನಾನ? ಯಾಕ?"

"ಹ್ಯಾಂಡಲ್ ಐತಿ, ಹ್ಯಾಂಡಲ್ ಐತಿ ಅಂತಿದ್ರೆಲ್ಲ. ನಮಗೂ ಒಂದ್ ಸಲ ತೋರಸ್ರಿ."

ಅಪ್ಪ ಧೋತರ ಮೇಲೆ ಕಟ್ಟಿದರು. ಎರಡು ಸುತ್ತು ತಿರುವಿದರು. ಮೂರನೆಯದಕ್ಕೆ ಹ್ಯಾಂಡಲ್ ಒದ್ದ ರಭಸಕ್ಕೆ ಕುಂಡೆಯೂರಿ ಧೂಳಿನಲ್ಲಿ ಕೂತುಬಿಟ್ಟರು. ಥ್ಯಾಂಕ್ ಗಾಡ್, ಏನೂ ಮುರಿಯಲಿಲ್ಲ. ಅವರನ್ನು ಎಬ್ಬಿಸಲು ಚಾಚಾ ಚಾಚಿದ್ದು ಎಡಗೈ. ಅಪ್ಪ ಆ ಕೈ ನೋಡಿದರು, ಆಮೇಲೆ ಇನ್ನೊಂದು ಕೈ ನೋಡಿದರು. ಎದ್ದು ಧೋತರ ಕೊಡವಿಕೊಂಡರು.

"ಸೆಲ್ಫಿಗೆ ಏನಾಗೈತಿ, ನೋಡ್ರಿ ಡ್ರೈವರ್ ಸಾಬ್," ಎಂದರು.

ಬ್ಯಾಟರಿಯೇ ಸತ್ತಿದೆ ಎಂಬುದು ಅಪ್ಪನ ವಾದ. ಚಾಚಾ ಲಾರಿಯ ಮುಂದಿನ ದೀಪ ಹಚ್ಚಿ ನನ್ನನ್ನು ಗಾಡಿಯಲ್ಲಿ ಕೂಡಿಸಿ, "ಬೇಟಿ, ಒತ್ತು" ಎಂದರು. ಅವ್ವ ಮುಂದೆ ನಿಂತು ದೀಪ ನೋಡಿದಳು. "ಇದ್ದಂಗ ಐತಿ, ಒಟ್ಟ ಮಂಕ ಆಗಲಿಲ್ಲ."

"ಅಂದ್ರ ಬ್ಯಾಟರಿ ಜಿಂದಾ ಐತ್ರಿ. ಕರೆಂಟು ಸೆಲ್ಫಿನೊಳಗ ಹೊಕ್ಕೊಳವಲ್ದು." ಚಾಚಾ ವಾಯರಿನ ತುದಿಗಳನ್ನು ಬಿಚ್ಚಿ, ತಿಕ್ಕಿ, ಬಿಗಿದು ನೋಡಿದರು. ಏನೂ ಆಗಲಿಲ್ಲ. ಆಮೇಲೆ ಕೆಳಗೆ ನುಸುಳಿ ಸೆಲ್ಫಿಗೆ ಕಟ್ಟಿಗೆಯ ತುಂಡಿನಿಂದ ಮೆಲ್ಲಗೆ ಬಡಿಯುತ್ತ ಮತ್ತೆ ಒತ್ತಿಸಿದರು. ಸೆಲ್ಫ್ ಗುರ್ ಎಂದು ತಿರುಗಿ ಮತ್ತೆ ಸತ್ತಿತು. ಕೆಳಗಿನಿಂದಲೇ ಕೂಗಿದರು: "ಒಳಗ ಕರೆಂಟು ಕೊಡೂ ಕಾರ್ಬನ್ ಸವದಾವ್ರಿ! ಇದರ ಆಯುಷ್ಯ ಮುಗೀತು."

ಕುಳಗಿಯ ಫಾರೆಸ್ಟ್ ಕ್ಯಾಂಪಿನಲ್ಲಿ ಇದೇ ಜಾತಿಯ ಕೆಟ್ಟ ಲಾರಿಯೊಂದು ಬಿದ್ದಿತ್ತು. ಅದರ ಸೆಲ್ಫ್ ಕೊಡಲು ಅಲ್ಲಿನ ಸಾಹೇಬರು ಒಪ್ಪಿದರು. ದಿನ್ನೆಯಿಂದ ಗಾಡಿ ಉರುಳಿಸಿ ಚಾಲೂ ಮಾಡಿ ಅಪ್ಪ, ಚಾಚಾ, ನಾನು ಮೂವರೂ ಹೋದೆವು. ಗೇರು ಎಡಗೈಯಲ್ಲಿ, ಸ್ಟೇರಿಂಗ್ ಬಲ ಮೊಳಕೈಯಲ್ಲಿ. ಚಾಚಾ ಹಾಗೇ ಓಡಿಸಿದರು. ಕ್ಯಾಂಪಿನ ಸಪಾಟು ಬಯಲಿನಲ್ಲಿ ಗಾಡಿ ನಿಂತಾಗ ನನಗೆ ದಿಗಿಲಾಯಿತು. ಈ ಸೆಲ್ಫೂ ಕೈಕೊಟ್ಟರೆ ಹ್ಯಾಂಡಲ್ ಹಿಡಿಯುವವರು ಯಾರು?

"ಮೊದಲ ಬ್ಯಾಟರಿ ವಾಯರ್ ಬಿಚ್ಚಬೇಕ್ರಿ, ಇಲ್ಲಂದ್ರ ಬೆಂಕಿ ಹಾರತೈತಿ," ಎಂದರು ಚಾಚಾ. ಅವರು ಹೇಳುತ್ತಿದ್ದರು, ಅಪ್ಪ ಮಾಡುತ್ತಿದ್ದರು. ಬಿಳಿ ಧೋತರದಲ್ಲೇ ಲಾರಿಯ ಕೆಳಗೆ ಮಲಗಿ ಪಾನಾ ಹಿಡಿದು ಹಳೆಯ ಸೆಲ್ಫಿನ ಬೋಲ್ಟು ಬಿಚ್ಚಿದರು, ಆ ಭಾರದ ಕಬ್ಬಿಣವನ್ನು ಎದೆಯ ಮೇಲೆ ಇಳಿಸಿಕೊಂಡರು, ಕೆಟ್ಟ ಲಾರಿಯಿಂದ ಬಿಚ್ಚಿ ತಂದ ಇನ್ನೊಂದನ್ನು ಎತ್ತಿ ಹಿಡಿದರು.

"ಓರೆ ಆತ್ರಿ. ಇನ್ನೂ ಜರಾ ಮ್ಯಾಲ."

"ಡ್ರೈವರ್ ಸಾಬ್, ಸಾವಕಾರ ನೀವೋ ನಾನೋ?"

"ಲಾರಿ ಕೆಳಗ ಪಾನಾ ಹಿಡದಾಂವ ಕೂಲಿ ನೋಡ್ರಿ."

ಕೆಳಗಿನಿಂದ ಅಪ್ಪನ ನಗು ಕೇಳಿಸಿತು. ಕೊನೆಗೆ ವಾಯರ್ ಬಿಗಿದು ಇಬ್ಬರೂ ದೂರ ಸರಿದು ನಿಂತು, ಗಾಡಿಯೊಳಗೆ ಕೂತಿದ್ದ ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿ ಒತ್ತಿದೆ. ಒಂದೇ ಸಲಕ್ಕೆ ಎಂಜಿನ್ ಹಿಡಿದುಕೊಂಡಿತು! ಕಣ್ಣು ತೆರೆದಾಗ ಅಪ್ಪ ಮಸಿ ಕೈಯನ್ನು ಚಾಚಾನ ಹೆಗಲ ಮೇಲೆ ಇಟ್ಟಿದ್ದರು. "ಕೈ ನೆಟ್ಟಗಾಗೂತನಕ ಭಾರದ ಕೆಲಸ ನಂದು. ಈ ಗಾಡಿ ಮ್ಯಾಲ ಬ್ಯಾರೆಯಾಂವ ಕುಂಡರೂದಿಲ್ಲ."

ಆ ಸಂಜೆ ಲಾರಿ ಮೊಟ್ಟಮೊದಲ ಸಲ ನಮ್ಮ ಅಂಗಳದಲ್ಲಿ ನಿಂತಿತು. ಅವ್ವ ಬಾಗಿಲಿಗೆ ಬಂದು, "ಇದೇನು, ಬೆಳಕ ಬರಾಕ ಜಾಗ ಇಲ್ಲದಂಗ ಮಾಡೀರಲ್ಲ" ಎಂದು ಸುಳ್ಳು ಸಿಟ್ಟು ಮಾಡಿದಳು.

ನಾನು ಮತ್ತೆ ಮನೆಗೆ ಬಂದದ್ದು ದೀಪಾವಳಿಗೆ. ಚಾಚಾ ಕಟ್ಟೆಯ ಮೇಲೆ ಕೂತಿದ್ದರು. ಅವ್ವ ರೂಢಿಯಂತೆ ಮಜ್ಜಿಗೆಯ ತಂಬಿಗೆ ತಂದಳು.

"ಮಜ್ಜಿಗಿ ಆಮ್ಯಾಲ ಅಕ್ಕಾರ. ಮೊದಲ ಖಡಕ್ ರೊಟ್ಟಿ ಬರಲಿ."

ಬಲಗೈಯಿಂದಲೇ ಮುರಿದರು. ಆ ಚಟ್ ಎಂಬ ಸಪ್ಪಳ ಒಳಗೆ ಕೂತಿದ್ದ ನನಗೂ ಕೇಳಿಸಿತು. ಅವ್ವ ಇನ್ನೊಂದು ರೊಟ್ಟಿ ಹಾಕಿದಳು.